ಗೋಡೆಯ ಮೇಲಿನ ಕೈಗಳು

ಲಿಪ್ನಿಕಿ ಹಳ್ಳಿಯ ಚರ್ಚಿನ ಹೊಸ ಗೋಡೆಚಿತ್ರದಲ್ಲಿರುವುದು ತನ್ನ ಕೈಗಳೇ ಎಂದು ಪೆತ್ರೊನೆಲಾಗೆ ಮೊದಲ ಭಾನುವಾರವೇ ಗೊತ್ತಾಯಿತು. ಹೊಲದ ಬದುವಿನಲ್ಲಿ ನಿದ್ದೆಹೋದ ರೈತನೊಬ್ಬ, ಅವನ ಮೇಲೆ ಬಾಗಿ ನಿಂತ ಎತ್ತರದ ಹೆಂಗಸು. ತಲೆಯ ಮೇಲಿಂದ ಬಿಳಿಯ ನಾರುಬಟ್ಟೆ ಹೊದ್ದಿದ್ದಾಳೆ, ಹುಲ್ಲು ಕೊಯ್ಯುವ ಉದ್ದನೆಯ ಕತ್ತಿಯನ್ನು ಹೆಗಲಿಗೆ ಒರಗಿಸಿಕೊಂಡಿದ್ದಾಳೆ. ಅವಳು ಸಾವು ಎಂದು ಆ ಸೀಮೆಯ ಸಣ್ಣ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಅವಳ ಮುಖ ನೆರಳಿನಲ್ಲಿತ್ತು. ಮುಂದಕ್ಕೆ ಚಾಚಿದ ಎರಡು ಕೈಗಳ ಮೇಲೆ ಮಾತ್ರ ಬೆಳಕು ಬಿದ್ದಿತ್ತು. ಬಲಗೈಯ ಕಿರುಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ಪೆತ್ರೊನೆಲಾ ಹನ್ನೆರಡನೆಯ ವಯಸ್ಸಿನಲ್ಲಿ ಹುಲ್ಲಿನ ಗಾಡಿಯಿಂದ ಬಿದ್ದು ಮುರಿದುಕೊಂಡ ಬೆರಳು ಅದು.

ಅವಳು ಜಪಸರವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಸುತ್ತ ಕಣ್ಣಾಡಿಸಿದಳು. ಯಾರೂ ಗಮನಿಸಿದಂತೆ ಕಾಣಲಿಲ್ಲ. ಮೂವತ್ತೊಂದು ವರ್ಷದಿಂದ ಆ ಊರಿನ ಸೂಲಗಿತ್ತಿ ಅವಳು. ಅವತ್ತು ಹಾಡುತ್ತಿದ್ದವರಲ್ಲಿ ಅರ್ಧ ಜನರನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಆ ಕೈಗಳೇ.

ಚಿತ್ರ ಬರೆದ ಲುದೊಮಿರ್ ಕ್ರಾಕೂಫ್ ಪಟ್ಟಣದವನು. ಆ ದಿನಗಳಲ್ಲಿ ಪಟ್ಟಣದ ಕವಿಗಳಿಗೂ ಚಿತ್ರಕಾರರಿಗೂ ಹಳ್ಳಿಯ ಹುಚ್ಚು ಹಿಡಿದಿತ್ತು. ಪರರ ಆಳ್ವಿಕೆಗೆ ಸಿಕ್ಕ ದೇಶದ ಜೀವ ಇನ್ನೂ ಉಳಿದಿದ್ದರೆ ಅದು ರೈತರ ಗುಡಿಸಲಿನಲ್ಲೇ ಎಂದು ಕಾಫಿ ಅಂಗಡಿಗಳಲ್ಲಿ ಕುಳಿತು ಮಾತಾಡುತ್ತಿದ್ದರು. ಕೆಲವರು ಎದ್ದು ಬಂದು ಹಳ್ಳಿಯ ಹುಡುಗಿಯರನ್ನು ಮದುವೆಯೂ ಆದರು. ಲುದೊಮಿರ್ ಹಾಗೆ ಬಂದವನು. ಬಾಲ್ಬಿನಾಳ ಮಗಳು ಕುನೆಗುಂದಾಳನ್ನು ಮದುವೆಯಾಗಿ, ಚರ್ಚಿನ ಹಿಂದೆ ಮನೆ ಮಾಡಿ, ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ.

"ನಾವು ಬೂಟಿಲ್ಲದೆ ಬರಿಗಾಲಲ್ಲಿ ನಡೀತೀವಿ, ನಿನ್ನ ಅಳಿಯ ಬೂಟು ಕೈಲಿ ಹಿಡ್ಕೊಂಡು ನಡೀತಾನಲ್ಲೇ!" ಎಂದು ಹೆಂಗಸರು ಬಾಲ್ಬಿನಾಳನ್ನು ಕಿಚಾಯಿಸುತ್ತಿದ್ದರು.

ಆದರೆ ಅವನು ಒಳ್ಳೆಯವನು. ಬಸುರಿ ಕುನೆಗುಂದಾಳನ್ನು ನೋಡಲು ಪೆತ್ರೊನೆಲಾ ಹೋದಾಗಲೆಲ್ಲ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಪಟ್ಟಣದ ಹೆಂಗಸರಿಗೆ ಮಾಡುವಂತೆ ಬಾಗಿ ಅವಳ ಕೈಗೆ ಮುತ್ತಿಡುತ್ತಿದ್ದ. ಸತ್ತುಹೋದ ಗಂಡನೂ ಅವಳಿಗೆ ಹಾಗೆ ಮಾಡಿರಲಿಲ್ಲ. ಅವಳು ಕುನೆಗುಂದಾಳ ಜೊತೆ ಮಾತಾಡುತ್ತ ಹುರುಳಿಕಾಯಿ ಬಿಡಿಸುವಾಗ ಅವನು ಮೂಲೆಯಲ್ಲಿ ಕುಳಿತು ಏನೋ ಗೀಚುತ್ತಿದ್ದ. ಕಾಳಿನ ಚಿತ್ರ ಬರೆಯುತ್ತಿದ್ದಾನೆ ಎಂದುಕೊಂಡಿದ್ದಳು ಅವಳು.

ಮೂರು ವಾರ ಹಾಗೇ ಕಳೆಯಿತು. ಆಮೇಲೆ ಲುದೊಮಿರನ ಗೆಳೆಯ, ಕವಿ ಸೆವೆರಿನ್, ಪಟ್ಟಣದಿಂದ ಬಂದು ಚಿತ್ರ ನೋಡಿ ಅತ್ತ. ಹಿಂದಿರುಗಿ ಪತ್ರಿಕೆಯಲ್ಲಿ ಎರಡು ಅಂಕಣ ಬರೆದ. ತಮ್ಮೂರಿನ ಹೆಸರು ಅಚ್ಚಾಗಿದೆ ಎಂಬ ಹಿಗ್ಗಿನಲ್ಲಿ ಶಾಲೆಯ ಮೇಷ್ಟ್ರು ಅದನ್ನು ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದರು. 'ಲಿಪ್ನಿಕಿಯ ಸಾವಿಗೆ ಆ ಊರಿನ ಸೂಲಗಿತ್ತಿಯ ಕೈಗಳಿವೆ. ನಮ್ಮನ್ನು ತೊಟ್ಟಿಲಿಗೆ ಇಳಿಸಿದವಳೇ ಮಣ್ಣಿಗೂ ಇಳಿಸುತ್ತಾಳೆ. ಎಂಥ ತಾಯ್ತನ!' ಮೇಷ್ಟ್ರು ಪತ್ರಿಕೆ ಮಡಿಸಿ, ನಗುತ್ತ, ಗುಂಪಿನಲ್ಲಿ ಪೆತ್ರೊನೆಲಾಳನ್ನು ಹುಡುಕಿದರು. ಎಲ್ಲರೂ ಅವಳ ಕಡೆ ತಿರುಗಿದರು. ಬೇರೆ ಯಾರೂ ನಗಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಉಳಿಯದೆ ಹೋದ ಕೂಸುಗಳು ಒಂಬತ್ತು. ಆ ಒಂಬತ್ತರ ಹೆಸರೂ ಅವಳಿಗೆ ನೆನಪಿತ್ತು. ಈಗ ಊರಿಗೂ ನೆನಪಾಯಿತು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಜಾಗ ತಾನಾಗಿ ತೆರವಾಗುತ್ತಿತ್ತು. ಕಮ್ಮಾರನ ಹೆಂಡತಿಗೆ ನೋವು ಬಂದಾಗ ಕಮ್ಮಾರ ಗಾಡಿ ಕಟ್ಟಿಕೊಂಡು ಏಳು ಮೈಲಿ ದೂರದ ಸೂಲಗಿತ್ತಿಯನ್ನು ಕರೆತಂದ. ಮಾರನೆಯ ಬೆಳಿಗ್ಗೆ ಪೆತ್ರೊನೆಲಾಳ ಹೊಸ್ತಿಲ ಮೇಲೆ ಒಂದು ಚೀಲ ಆಲೂಗೆಡ್ಡೆ ಇತ್ತು. ಅದನ್ನಿಟ್ಟು ಹೋದವನು ಕಮ್ಮಾರನೇ. ಹೆದರಿದರೂ ಮನಸ್ಸು ಕೆಟ್ಟವನಲ್ಲ. ಆ ಚೀಲ ನೋಡಿದಾಗಲೇ ಅವಳು ಮೊದಲ ಬಾರಿ ಹೆದರಿದ್ದು. ಇನ್ನು ಕರೆಯುವುದಿಲ್ಲ ಎಂದು ತೀರ್ಮಾನಿಸಿದವರು ಮಾತ್ರ ಹಾಗೆ ಕೊಡುತ್ತಾರೆ.

ಅವಳು ಲುದೊಮಿರನ ಬಳಿಗೆ ಹೋದಳು.

"ಸ್ವಾಮಿ, ಆ ಬೆರಳೊಂದನ್ನಾದ್ರೂ ನೆಟ್ಟಗೆ ಮಾಡಿಬಿಡಿ."

"ಅಮ್ಮಾ, ಆ ಬೆರಳೇ ಅಲ್ವಾ ಚಿತ್ರದ ಪ್ರಾಣ!" ಅವನ ಕಣ್ಣಲ್ಲಿ ನೀರಿತ್ತು. "ಸಾವು ಅಂದ್ರೆ ಜನ ಹೆದರ್ತಾರೆ. ಹೆದರ್ಬೇಡಿ, ಅದು ನಿಮ್ಮನ್ನ ಎತ್ಕೊಳ್ಳೋ ಕೈ ಅಂತ ನಾನು ಹೇಳ್ದೆ. ನಿಮ್ಮ ಕೈಗಿಂತ ಒಳ್ಳೇ ಕೈ ನಾನು ಕಂಡಿಲ್ಲ."

"ನೀವು ನನಗೆ ಒಳ್ಳೇದನ್ನೇ ಬಯಸಿದ್ರಿ. ಆದ್ರೆ ಇವರು ನನ್ನ ಕರೀತಿಲ್ಲ ಸ್ವಾಮಿ. ಕೈ ಹಾಕ್ಬೇಕಾದ ಹೊತ್ತಿಗೆ ಕೈ ಹಾಕ್ದಿದ್ರೆ ಜೀವ ಹೋಗುತ್ತೆ."

"ಸುಗ್ಗಿ ಮುಗೀಲಿ. ವಿಯೆನ್ನಾದಿಂದ ದೊಡ್ಡ ಜನ ಚಿತ್ರ ನೋಡೋಕೆ ಬರ್ತಿದಾರೆ. ಅವರು ಹೋದ್ಮೇಲೆ ಏನಾದ್ರೂ ಮಾಡೋಣ."

ಕುನೆಗುಂದಾ ಬೆಂಚಿನ ಮೇಲೆ ಕುರಿಚರ್ಮ ಹಾಸಿ ಪೆತ್ರೊನೆಲಾಳನ್ನು ಕೂರಿಸಿದಳು. "ಯಾರು ಏನಾದ್ರೂ ಅಂದ್ಕೊಳ್ಳಲಿ ಅತ್ತೆ, ನನಗೆ ನೀವೇ ಬರ್ಬೇಕು" ಎಂದಳು. ಒಲೆಯ ಮುಂದಿದ್ದ ಬಾಲ್ಬಿನಾ ತಿರುಗಿ ನೋಡಲಿಲ್ಲ. ಸೌಟು ಮಾತ್ರ ಒಂದು ಗಳಿಗೆ ನಿಂತಿತು.

ಆಗಸ್ಟಿನಲ್ಲಿ, ರೈ ಧಾನ್ಯದ ಕೊಯ್ಲಿನ ನಡುವೆ, ಒಂದು ಬೆಳಿಗ್ಗೆ ಕುನೆಗುಂದಾಳಿಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಲುದೊಮಿರ್ ಪಟ್ಟಣಕ್ಕೆ ಹೋಗಿದ್ದ. ಪೆತ್ರೊನೆಲಾಗೆ ಯಾರೂ ಹೇಳಿಕಳಿಸಲಿಲ್ಲ. ಬಟ್ಟೆ ಒಣಹಾಕುತ್ತಿದ್ದವಳಿಗೆ ಕೂಗು ಕೇಳಿಸಿತು. ಕೈ ತೊಳೆದು, ಬಿಳಿ ಏಪ್ರನ್ ಕಟ್ಟಿಕೊಂಡು ಓಡಿದಳು. ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು.

"ಬಾಲ್ಬಿನಾ, ನಾನು ಕಣೇ."

"ಗೊತ್ತು ನೀನೇ ಅಂತ. ಅದಕ್ಕೇ ತೆಗೀತಿಲ್ಲ."

"ಹುಚ್ಚಿ, ನಿನ್ನ ಕುನೆಗುಂದಾನ್ನೇ ಎತ್ತಿದ್ದು ನಾನಲ್ವಾ?"

"ಆಗ ನೀನು ಪೆತ್ರೊನೆಲಾ ಆಗಿದ್ದೆ." ಬಾಲ್ಬಿನಾಳ ದನಿ ಬಾಗಿಲಿಗೆ ಇನ್ನೂ ಹತ್ತಿರ ಬಂತು. "ಈಗ ಯಾರು ಅಂತ ನನ್ನ ಅಳಿಯನೇ ಬರೆದು ತೋರಿಸಿದಾನೆ. ಹೋಗು, ನಿನ್ನ ಕಾಲಿಗೆ ಬೀಳ್ತೀನಿ, ಹೊರಟುಹೋಗು. ಇರೋದು ಇವಳೊಬ್ಬಳೇ ನನಗೆ."

ಏಳು ಮೈಲಿ ಆಚೆಯ ಸೂಲಗಿತ್ತಿಯನ್ನು ಕರೆತರಲು ಗಾಡಿ ಹೋಗಿತ್ತು. ಪೆತ್ರೊನೆಲಾ ಅಲ್ಲಿಂದ ಕದಲಲಿಲ್ಲ. ಬೇಲಿಗೆ ಒರಗಿ ನಿಂತಳು. ಬೇಲಿಯಾಚೆ ಹೆಂಗಸರು ಹೊಲದಿಂದ ಕುಡುಗೋಲು ಹಿಡಿದುಕೊಂಡೇ ಬಂದು ಸೇರಿದ್ದರು. ಅವಳು ಕೂಗುಗಳ ನಡುವಿನ ಬಿಡುವನ್ನು ಎಣಿಸುತ್ತಿದ್ದಳು. ಕಳೆದ ಸಲ ಮುಟ್ಟಿ ನೋಡಿದಾಗ ಕೂಸು ತಿರುಗಿರಲಿಲ್ಲ; ಈಗಲೂ ತಿರುಗಿಲ್ಲ, ಕಾಲು ಮುಂದಾಗಿದೆ ಎಂದು ಆ ಕೂಗುಗಳಿಂದ ಅವಳು ಊಹಿಸಿದಳು. ಕಿಟಕಿಯ ಹತ್ತಿರ ಹೋಗಿ, "ಬಾಲ್ಬಿನಾ, ಎಡಮಗ್ಗುಲಿಗೆ ಮಲಗಿಸು! ಎಳೀಬೇಡ, ಏನೇ ಆದ್ರೂ ಎಳೀಬೇಡ!" ಎಂದು ಕೂಗಿದಳು. ಬಿಸಿಲು ಏರಿತು. ಯಾರೋ ಅವಳ ಪಕ್ಕದಲ್ಲಿ ಮಜ್ಜಿಗೆಯ ಕುಡಿಕೆಯೊಂದನ್ನು ಇಟ್ಟು, ಮುಖ ತೋರಿಸದೆ ಹಿಂದೆ ಸರಿದರು.

ಎರಡು ಗಂಟೆಯ ಮೇಲೆ ಒಳಗಿನ ದನಿ ಸಣ್ಣಗಾಯಿತು. ಬೆಕ್ಕಿನ ಮರಿಯ ದನಿಯಷ್ಟು ಆಯಿತು. ಆಗ ಅಗಳಿ ಸರಿದ ಸದ್ದು. ಬಾಲ್ಬಿನಾಳ ಮೊಣಕೈವರೆಗೂ ರಕ್ತವಿತ್ತು.

"ಬಾ" ಎಂದಳು. ಅಷ್ಟೇ.

ಪೆತ್ರೊನೆಲಾಳ ಕೈಗಳು ಮೂವತ್ತೊಂದು ವರ್ಷ ಕಲಿತಿದ್ದನ್ನೆಲ್ಲ ಮಾಡಿದವು. ಹೆಣ್ಣುಕೂಸು. ನೀಲಿಗಟ್ಟಿದ್ದು ಬೆನ್ನು ತಟ್ಟಿಸಿಕೊಂಡು ಅತ್ತಿತು. ರಕ್ತ ಮಾತ್ರ ನಿಲ್ಲಲಿಲ್ಲ. ತಾನು ಬಂದಾಗಲೇ ಹೊತ್ತು ಮೀರಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಹೊಟ್ಟೆಯ ಮೇಲೆ ಮುಷ್ಟಿ ಒತ್ತಿ ಹಿಡಿದು ಕೂತೇ ಇದ್ದಳು. ಕುನೆಗುಂದಾ ಕಣ್ಣು ತೆರೆದು, "ನಿಮ್ಮ ಕೈ ಎಷ್ಟು ಬೆಚ್ಚಗಿದೆ ಅತ್ತೆ, ಬೆಳಿಗ್ಗೆಯಿಂದ ಚಳಿ ನನಗೆ" ಎಂದಳು. ಹೊಲದಿಂದ ಜನ ಮಧ್ಯಾಹ್ನದ ಊಟಕ್ಕೆ ಬರುವ ಹೊತ್ತಿಗೆ ಕುನೆಗುಂದಾ ಬದುಕಿರಲಿಲ್ಲ.

ಬಾಲ್ಬಿನಾ ಗೋಡೆಗೆ ತಲೆ ಆನಿಸಿ ಕೂತಿದ್ದಳು. "ಅಗಳಿ ಹಾಕಿದ್ದು ನಾನು" ಎಂದಳು. ಇನ್ನೊಮ್ಮೆ, "ಹಾಕಿದ್ದು ನಾನು."

ಕುನೆಗುಂದಾಳನ್ನು ಮಣ್ಣು ಮಾಡಿದ ಮರುದಿನ ಕೂಸಿನ ಜ್ಞಾನಸ್ನಾನ. ಕೂಸನ್ನು ಚರ್ಚಿಗೆ ಎತ್ತಿಕೊಂಡು ಹೋಗುವುದು ಅಲ್ಲೆಲ್ಲ ಸೂಲಗಿತ್ತಿಯ ಹಕ್ಕು. ಆ ಬೆಳಿಗ್ಗೆ ಬಾಲ್ಬಿನಾ ಕೂಸನ್ನು ಬಿಳಿ ಹೊದಿಕೆಯಲ್ಲಿ ಸುತ್ತಿ ಪೆತ್ರೊನೆಲಾಳ ಮನೆಗೇ ಬಂದಳು.

"ನೀನೇ ಎತ್ಕೋ."

"ಬೇಡ ಬಾಲ್ಬಿನಾ. ಆ ಗೋಡೆ ಮುಂದೆ ಬೇಡ. ಬೇರೆ ಯಾರಾದ್ರೂ ಎತ್ಕೊಳ್ಳಲಿ."

"ನೀನೇ. ಎಲ್ಲರೂ ನೋಡಲಿ. ನನ್ನ ಬಾಯಿಂದ ಹೇಳ್ತೀನಿ, ತಪ್ಪು ನಂದು ಅಂತ." ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. ಅಂಥ ಮುಖಕ್ಕೆ ಇಲ್ಲವೆನ್ನಲು ಪೆತ್ರೊನೆಲಾಗೆ ಆಗಲಿಲ್ಲ.

ಚರ್ಚು ತುಂಬಿತ್ತು. ಜ್ಞಾನಸ್ನಾನದ ತೊಟ್ಟಿ ಇದ್ದದ್ದು ಆ ಗೋಡೆಯ ಕೆಳಗೆ. ಬಿಳಿ ಶಾಲು ಹೊದ್ದ ಪೆತ್ರೊನೆಲಾ ಕೂಸನ್ನು ಎರಡೂ ಕೈಗಳ ಮೇಲೆ ಮಲಗಿಸಿಕೊಂಡು ಅಲ್ಲಿ ಹೋಗಿ ನಿಂತಾಗ ಹಾಡು ಅರ್ಧಕ್ಕೇ ನಿಂತಿತು. ಬಾಲ್ಬಿನಾ ಜನರ ಕಡೆ ತಿರುಗಿ ಮಾತು ಕೊಟ್ಟಂತೆಯೇ ಹೇಳಿದಳು. "ಎರಡು ಗಂಟೆ ಇವಳನ್ನ ಹೊರಗೆ ನಿಲ್ಲಿಸಿದ್ದು ನಾನು. ನನ್ನ ಮಗಳನ್ನ ಕೊಂದಿದ್ದು ನನ್ನ ಅಗಳಿ." ದನಿ ಸ್ಪಷ್ಟವಾಗಿತ್ತು. ಆದರೆ ಜನ ಕೇಳಿಸಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದರು. ಮೇಲೆ ಗೋಡೆಯನ್ನು, ಕೆಳಗೆ ಅವಳ ಕೈಗಳನ್ನು, ಮತ್ತೆ ಗೋಡೆಯನ್ನು. ಮುಂದಿನ ಸಾಲಿನಲ್ಲಿದ್ದ ಬಸುರಿ ಹುಡುಗಿಯೊಬ್ಬಳು ಹೊಟ್ಟೆಯ ಮೇಲೆ ಶಾಲು ಎಳೆದುಕೊಂಡು, ಶಿಲುಬೆಯ ಗುರುತು ಮಾಡಿಕೊಂಡು, ಎದ್ದು ಹೊರಗೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು.

ಇನ್ನು ಈ ಊರಿನಲ್ಲಿ ಯಾರೂ ಕರೆಯುವುದಿಲ್ಲ ಎಂದು ಪೆತ್ರೊನೆಲಾಗೆ ತಿಳಿಯಿತು. ತನ್ನನ್ನು ನಂಬುವ ಮುಖವೊಂದಕ್ಕಾಗಿ ಅವಳು ಲುದೊಮಿರನ ಕಡೆ ನೋಡಿದಳು. ಅವನು ಕಪ್ಪು ಬಟ್ಟೆ ತೊಟ್ಟು ಸೆವೆರಿನನ ಪಕ್ಕದಲ್ಲಿ ಮಂಡಿಯೂರಿದ್ದ. ಮೂರು ದಿನದಿಂದ ಊಟ ಮಾಡಿರಲಿಲ್ಲ, ನಿಜವಾಗಿ ಬೆಂದುಹೋಗಿದ್ದ. ಕಣ್ಣೀರು ಸುರಿಯುತ್ತಲೇ ಇತ್ತು. ಆದರೆ ಆ ಕಣ್ಣು ಕೂಸಿನ ಮೇಲಿರಲಿಲ್ಲ. ಅವಳ ಕೈ, ಕೈಯೊಳಗಿನ ಬಿಳಿ ಗಂಟು, ಅದರ ಮೇಲೆ ಬಿದ್ದ ಕಿಟಕಿಯ ಬೆಳಕು, ಇವುಗಳ ಸುತ್ತ ನಿಧಾನವಾಗಿ ಸುತ್ತುತ್ತಿತ್ತು. ಅವನ ತೋರುಬೆರಳು ಮುಂದಿನ ಬೆಂಚಿನ ಹಲಗೆಯ ಮೇಲೆ, ಅವನಿಗೇ ತಿಳಿಯದಂತೆ, ಆ ಕೈಗಳ ಗೆರೆ ಎಳೆಯತೊಡಗಿತ್ತು.