ಚಲುವಯ್ಯನವರ ಫ್ಲೆಕ್ಸ್ ಕೇಸು

ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿರುವ ಚಲುವಯ್ಯ ಇಂದಿರಾನಗರದ ಒಂದು ಶಾಲೆಯ ವ್ಯಾನ್ ಓಡಿಸುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಅವರ ವ್ಯಾನಿನಲ್ಲಿ ಒಂದು ಮಗುವಿಗೂ ಒಂದು ಗೀರು ಬಿದ್ದಿಲ್ಲ. ಸಿಕ್ಕಿದವರಿಗೆಲ್ಲ ಅವರು ಈ ಸಂಗತಿ ಹೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿಯೋ, ನಿಜವಾದ ಪ್ರೀತಿಯಿಂದಲೋ, ಕಳೆದ ವರ್ಷ ಸ್ನೇಹಿತರು ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹತ್ತಿರ ಕರೆಂಟ್ ಕಂಬಕ್ಕೆ ಹತ್ತು ಅಡಿಯ ಫ್ಲೆಕ್ಸ್ ಕಟ್ಟಿದರು. ‘ಅಪಘಾತವಿಲ್ಲದ ಇಪ್ಪತ್ತೈದು ವರ್ಷ. ನಮ್ಮ ಹೆಮ್ಮೆಯ ಚಲುವಯ್ಯನವರಿಗೆ ಅಭಿನಂದನೆಗಳು.’

ಫೋಟೋದಲ್ಲಿ ಚಲುವಯ್ಯನವರ ಕಣ್ಣಿಗೆ ಕೂಲಿಂಗ್ ಗ್ಲಾಸ್, ಕೊರಳಲ್ಲಿ ದಪ್ಪ ಚಿನ್ನದ ಸರ, ತಲೆ ತುಂಬ ಕೂದಲು. ಈ ಮೂರೂ ಅವರ ಹತ್ತಿರ ಇಲ್ಲ. ಕೆಳಗೆ, ಅಭಿನಂದಿಸುವವರಿಗೆ ಅನುಕೂಲವಾಗಲಿ ಎಂದು ಅವರ ಮೊಬೈಲ್ ನಂಬರ್.

ಎರಡು ದಿನ ಅಭಿನಂದನೆಯ ಫೋನ್ ಬಂದವು. ಮೂರನೆಯ ದಿನ ಪೊಲೀಸ್ ಠಾಣೆಯಿಂದ ಬಂತು. ಇದೂ ಅಭಿನಂದನೆಯೇ ಇರಬೇಕೆಂದು ಚಲುವಯ್ಯ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದರು.

ಅಲ್ಲಿ ವಿಷಯ ಬೇರೆಯೇ ಆಗಿತ್ತು. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಫ್ಲೆಕ್ಸ್ ಕಟ್ಟುವುದು ಅಪರಾಧ. ಪಾಲಿಕೆಯ ಎಂಜಿನಿಯರ್ ದೂರು ಕೊಟ್ಟಿದ್ದರು. ಫ್ಲೆಕ್ಸ್ ಮೇಲೆ ಮುಖ, ಹೆಸರು, ನಂಬರ್ ಇದ್ದದ್ದು ಒಬ್ಬರದೇ, ಹಾಗಾಗಿ ಕೇಸೂ ಅವರ ಮೇಲೆಯೇ. ಇದು ನೀವೇನಾ ಎಂದು ಪೇದೆ ಫೋಟೋ ತೋರಿಸಿ ಕೇಳಿದರು.

“ನಾನೇ ಸಾರ್. ಸ್ವಲ್ಪ ಬೆಳ್ಳಗೆ ಮಾಡಿದಾರೆ, ಅಷ್ಟೆ” ಎಂದರು ಚಲುವಯ್ಯ.

ಕೆಲವು ವಾರಗಳಾದ ಮೇಲೆ ಮನೆಗೆ ಕೋರ್ಟಿನ ಸಮನ್ಸ್ ಬಂತು. ವ್ಯಾನ್ ಸ್ಟ್ಯಾಂಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ವಾಜಿದ್, ಚಲುವಯ್ಯನವರ ಹಳೆಯ ಸ್ನೇಹಿತ, ಸುದ್ದಿ ಕೇಳಿ ಓಡಿ ಬಂದ. ಕೋರ್ಟಿಗೆ ಹೋಗಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು, ದಂಡ ನಾವೆಲ್ಲ ಸೇರಿ ಕಟ್ಟುತ್ತೇವೆ ಎಂದ. ಚಲುವಯ್ಯನವರ ಹೆಂಡತಿ ಮುನಿವೆಂಕಟಮ್ಮನಿಗೂ ಇದೇ ಸರಿಯೆನಿಸಿತು. ಲಾಯರ ಹತ್ತಿರ ಒಮ್ಮೆ ಹೋದರೆ ಮನೆಯ ಬಾಗಿಲು ಮಾರುವವರೆಗೂ ಬಿಡುವುದಿಲ್ಲ ಎಂಬುದು ಆಕೆಯ ನಂಬಿಕೆ. ಚಲುವಯ್ಯನವರದು ಇನ್ನೂ ಸುಲಭದ ಉಪಾಯ: ಹೋಗದೇ ಇದ್ದುಬಿಟ್ಟರೆ ಕೋರ್ಟೇ ಮರೆತುಬಿಡಬಹುದು.

ಆಗ ಕರಿಬೇವು ಕೇಳಲು ಬಂದಿದ್ದ ಎದುರು ಮನೆಯ ಯಮುನಾ ಸಮನ್ಸ್ ತೆಗೆದುಕೊಂಡು ಓದಿದಳು. ಅವಳು ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. ಕೋರ್ಟ್ ಮರೆಯುವುದಿಲ್ಲ, ಹೋಗದಿದ್ದರೆ ವಾರಂಟ್ ಬರಬಹುದು ಎಂದು ಮೊದಲು ಹೇಳಿದಳು. ಆಮೇಲೆ ಕೇಳಿದಳು:

“ಅಣ್ಣ, ಸ್ಕೂಲ್‌ನೋರು ವರ್ಷಾ ವರ್ಷ ಒಂದು ಫಾರಂ ತುಂಬಿಸ್ಕೊಳ್ತಾರಲ್ಲ. ಯಾವ್ದಾದ್ರೂ ಕೇಸಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದ್ರೆ ಏನ್ ಬರೀತೀರ?”

“ಶಿಕ್ಷೆ ಎಲ್ಲಮ್ಮ, ದಂಡ ತಾನೆ?”

“ತಪ್ಪು ಒಪ್ಕೊಂಡು ದಂಡ ಕಟ್ಟೋದೂ ಶಿಕ್ಷೇನೇ ಅಣ್ಣ.”

ಮುನಿವೆಂಕಟಮ್ಮ ಒಲೆ ಆರಿಸಿ ಬಂದು ಕುಳಿತಳು. ಆ ಮನೆಯ ಅನ್ನ ಬರುತ್ತಿದ್ದದ್ದು ವ್ಯಾನಿನಿಂದ. ಪೊಲೀಸ್ ವೆರಿಫಿಕೇಷನ್ನಿನಲ್ಲಿ ಕಪ್ಪು ಚುಕ್ಕೆ ಬಂದರೆ ಯಾವ ಶಾಲೆ ಮಕ್ಕಳನ್ನು ಕಳಿಸುತ್ತದೆ?

ಲಾಯರನ್ನೇ ಇಡುವುದಾದರೆ ದೊಡ್ಡವರನ್ನೇ ಇಡೋಣ ಎಂದ ವಾಜಿದ್. ಮಾರನೆಯ ದಿನ ಇಬ್ಬರೂ ಊರಿನ ಇನ್ನೊಂದು ತುದಿಯಲ್ಲಿದ್ದ ಒಬ್ಬ ಹೆಸರಾಂತ ಲಾಯರ ಆಫೀಸಿಗೆ ಹೋಗಿ ಬೆಳಿಗ್ಗೆಯಿಂದ ಕಾದರು. ಮೂರು ಗಂಟೆಗೆ ಒಬ್ಬ ಜೂನಿಯರ್ ಬಂದು, ಸತ್ತವರು ಎಷ್ಟು ಜನ ಎಂದು ಕೇಳಿದ. ಯಾರೂ ಸತ್ತಿಲ್ಲ, ಫ್ಲೆಕ್ಸ್ ಕೇಸು ಎಂದರು. ಕಟ್ಟಿದ ಫ್ಲೆಕ್ಸ್ ಯಾರ ಮೇಲಾದರೂ ಬಿತ್ತೇ ಎಂದು ಅವನು ಇನ್ನೂ ಆಸೆಯಿಂದ ವಿಚಾರಿಸಿದ. ಅದೂ ಇಲ್ಲವೆಂದಾಗ ನಂಬರ್ ಬರೆದಿಟ್ಟು ಹೋಗಿ ಎಂದ. ಫೋನ್ ಬರಲಿಲ್ಲ.

ನಿಮ್ಮ ಆದಾಯ ಉಚಿತ ವಕೀಲರ ಮಿತಿಗಿಂತ ಸ್ವಲ್ಪ ಹೆಚ್ಚು, ದಿನವೂ ಆ ಕೋರ್ಟಿನಲ್ಲೇ ಇರುವ, ಇಂಥ ಸಣ್ಣ ಕೇಸು ನಡೆಸುವ, ಫೋನ್ ಮಾಡಿದರೆ ಎತ್ತುವ ವಕೀಲರು ನಿಮಗೆ ಬೇಕು ಎಂದಳು ಯಮುನಾ. ಸರ್ವಜ್ಞನಗರದಲ್ಲಿ ಒಂದು ಬೇಕರಿಯ ಮೇಲೆ ಶೀಬಾ ಎಂಬ ವಕೀಲರ ಆಫೀಸಿತ್ತು. ಎಲ್ಲರೂ ಅಲ್ಲಿಗೆ ಹೋದರು. ಶೀಬಾ ಮೊದಲು ಕಾಗದಗಳನ್ನೆಲ್ಲ ಓದಿದರು. ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಕೇಸು ಗೆದ್ದೇ ಗೆಲ್ಲುತ್ತದೆ ಎಂದು ಮಾತ್ರ ಹೇಳಲಿಲ್ಲ. ಗ್ಯಾರಂಟಿ ಇಲ್ಲವೇ ಎಂದು ಮುನಿವೆಂಕಟಮ್ಮ ಅನುಮಾನದಿಂದ ಕೇಳಿದಳು.

“ಮಿಕ್ಸಿಗೆ ಗ್ಯಾರಂಟಿ ಕೊಡ್ತಾರಮ್ಮ. ಕೇಸಿಗೆ ಯಾರಾದ್ರೂ ಕೊಟ್ರೆ ನಂಬಬೇಡಿ” ಎಂದರು ಶೀಬಾ.

ಫ್ಲೆಕ್ಸ್ ನೀವು ಕಟ್ಟಿದಿರಾ, ಕಟ್ಟಲು ಹೇಳಿದಿರಾ ಎಂದು ಅವರು ಚಲುವಯ್ಯನವರನ್ನು ಕೇಳಿದರು. ಎರಡಕ್ಕೂ ಇಲ್ಲವೆಂಬ ಉತ್ತರ. ಮತ್ತೆ ಹಾಗೆಂದು ಪೊಲೀಸರಿಗೆ ಏಕೆ ಹೇಳಲಿಲ್ಲ ಎಂದರು.

“ಕಟ್ಟಿರೋರು ನಮ್ಮೋರೇ ಮೇಡಂ. ನಾನಲ್ಲ ಅಂದ್ರೆ ಅವ್ರನ್ನ ಹಿಡೀತಾರೆ.”

ಬೆಂಚಿನ ಮೇಲಿದ್ದ ವಾಜಿದ್ ಎದ್ದು ನಿಂತ. “ಮೇಡಂ, ಆ ಫ್ಲೆಕ್ಸ್ ನಾನೇ...”

ಶೀಬಾ ಕೈ ಅಡ್ಡ ಹಿಡಿದರು. “ನಾನು ಇವ್ರ ಲಾಯರ್, ನಿಮ್ಮ ಲಾಯರ್ ಅಲ್ಲ. ಮುಂದಿನ ಮಾತು ಆಡೋಕೆ ಮುಂಚೆ ನಿಮ್ಗೊಬ್ಬ ಲಾಯರ್ ನೋಡ್ಕೊಳ್ಳಿ.”

ವಾಜಿದ್ ಕೆಳಗಿಳಿದು ಹೋಗಿ, ಬೇಕರಿಯಲ್ಲಿ ಎರಡು ಪಫ್ಸ್ ತಿಂದು ಸಮಾಧಾನ ಮಾಡಿಕೊಂಡ.

ನೀವು ಯಾರ ಹೆಸರನ್ನೂ ಹೇಳಬೇಕಿಲ್ಲ, ಸುಳ್ಳನ್ನೂ ಹೇಳಬೇಕಿಲ್ಲ ಎಂದು ಶೀಬಾ ಬಿಡಿಸಿ ಹೇಳಿದರು. ನೀವೇ ಕಟ್ಟಿದಿರಿ ಎಂದು ಸಾಬೀತು ಮಾಡಬೇಕಾದದ್ದು ಪೊಲೀಸರ ಕೆಲಸ. ತಪ್ಪು ಒಪ್ಪುತ್ತೀರಾ ಎಂದು ಜಡ್ಜ್ ಕೇಳಿದಾಗ ‘ಇಲ್ಲ’ ಎಂದರೆ ಸಾಕು. ಕೇಸು ನಡೆಯುತ್ತಿದೆ ಎಂದು ಶಾಲೆಗೂ ಮುಚ್ಚಿಡದೆ ತಿಳಿಸಿ ಎಂದರು.

ಕಷ್ಟವಿದ್ದದ್ದು ಆ ಒಂದು ಪದದಲ್ಲೇ. ಚಲುವಯ್ಯನವರಿಗೆ ಒಂದು ಪದಕ್ಕೆ ನಿಲ್ಲಿಸಿ ಅಭ್ಯಾಸವಿಲ್ಲ. ಮುನಿವೆಂಕಟಮ್ಮ ಒಂದು ವಾರ ಊಟಕ್ಕೆ ಬಡಿಸುವಾಗ ಜಡ್ಜ್ ಆದಳು. ತಪ್ಪು ಒಪ್ಪುತ್ತೀರಾ ಎಂದು ಅವಳು ಕೇಳುವುದು, ಇಲ್ಲ ಸ್ವಾಮಿ, ಇಪ್ಪತ್ತೈದು ವರ್ಷದಲ್ಲಿ ಒಂದು ಗೀರೂ... ಎಂದು ಇವರು ಶುರು ಮಾಡುವುದು. ಮಾತು ‘ಇಲ್ಲ’ಕ್ಕೆ ನಿಲ್ಲುವವರೆಗೂ ಮುದ್ದೆಗೆ ಸಾರು ಬೀಳುತ್ತಿರಲಿಲ್ಲ.

ಮೇಯೋ ಹಾಲ್ ಕೋರ್ಟಿನಲ್ಲಿ ಅವರ ಮುಂದಿದ್ದ ನಾಲ್ಕು ಜನ ತಮ್ಮ ಮೇಲಿನ ಕೇಸು ಏನೆಂದು ಕೂಡ ಕೇಳದೆ ಹೌದು ಎಂದು ದಂಡ ಕಟ್ಟಿ ಹೋದರು. ಚಲುವಯ್ಯನವರ ಹೆಸರು ಕೂಗಿದರು. ತಪ್ಪು ಒಪ್ಪುತ್ತೀರಾ ಎಂದು ಜಡ್ಜ್ ಕೇಳಿದರು. “ಇಲ್ಲ ಸ್ವಾಮಿ” ಎಂದರು ಚಲುವಯ್ಯ. ಬಾಯಿ ಇನ್ನೂ ತೆರೆದೇ ಇತ್ತು. ಶೀಬಾ ಒಮ್ಮೆ ತಿರುಗಿ ನೋಡಿದರು. ಬಾಯಿ ಮುಚ್ಚಿತು.

ಆಮೇಲೆ ವಾಯಿದೆಯ ಮೇಲೆ ವಾಯಿದೆ. ಪ್ರತಿ ಸಲ ವ್ಯಾನಿಗೆ ಬದಲಿ ಡ್ರೈವರ್ ಹುಡುಕಬೇಕು. ದಂಡ ಕಟ್ಟಿದ್ದರೇ ವಾಸಿಯಿತ್ತು ಎಂದು ಚಲುವಯ್ಯ ಎರಡು ಸಲ ಗೊಣಗಿದರು. ಏಳನೆಯ ತಿಂಗಳಲ್ಲಿ ಎಂಜಿನಿಯರ್ ಸಾಕ್ಷಿ ಹೇಳಲು ಬಂದರು. ಫ್ಲೆಕ್ಸ್ ಕಟ್ಟಿದವರನ್ನು ನೋಡಿದಿರಾ ಎಂದು ಶೀಬಾ ಕೇಳಿದರು. ಇಲ್ಲ. ಎಲ್ಲಿ ಪ್ರಿಂಟ್ ಆಯಿತು ಎಂದು ವಿಚಾರಿಸಿದಿರಾ? ಇಲ್ಲ. ಇವರೇ ಕಟ್ಟಿಸಿದರೆಂದು ಯಾರಾದರೂ ಹೇಳಿದರೇ? ಇಲ್ಲ. ಅಷ್ಟಕ್ಕೆ ಬಿಡದೆ ಎಂಜಿನಿಯರ್, ಫೋಟೋದಲ್ಲಿರುವವರು ಇವರಂತೆ ಕಾಣುವುದೂ ಇಲ್ಲ, ಅವರಿಗೆ ಕೂದಲಿದೆ ಎಂದುಬಿಟ್ಟರು.

ಚಲುವಯ್ಯನವರಿಗೆ ಇದು ತಡೆಯಲಾಗಲಿಲ್ಲ. ನಾನೇ ಅದು ಎಂದು ಕೂಗಬೇಕೆನಿಸಿತು. ಆದರೆ ಶೀಬಾ ತಾವಾಗಿಯೇ ಹೇಳಿದರು: ಫೋಟೋ ನನ್ನ ಕಕ್ಷಿದಾರರದೇ, ಅದರಲ್ಲಿ ತಕರಾರಿಲ್ಲ, ಫೋಟೋ ಇದ್ದ ಮಾತ್ರಕ್ಕೆ ಕಟ್ಟಿದವರು ಅವರೇ ಎಂದಾಗುವುದಿಲ್ಲ.

ಮುಂದಿನ ವಾಯಿದೆಗೆ ತೀರ್ಪು ಬಂತು. ಚಲುವಯ್ಯ ನಿರ್ದೋಷಿ. ಹೊರಗೆ ಮೆಟ್ಟಿಲ ಮೇಲೆ ಕುಳಿತು ಅವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಮುನಿವೆಂಕಟಮ್ಮ ಪಕ್ಕದಲ್ಲಿ ಕುಳಿತಳು. ಮಾರನೆಯ ಬೆಳಿಗ್ಗೆ ಆರೂವರೆಗೆ ವ್ಯಾನ್ ಹೊರಟಿತು.

ಹೋದ ತಿಂಗಳು ಹಲಸೂರಿನಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ಮಾರುವ, ಇವರ ಪಕ್ಕದ ಬೀದಿಯ ಹುಸೇನಮ್ಮನಿಗೆ, ದಾರಿಗೆ ಅಡ್ಡಿ ಮಾಡಿದಳೆಂದು ಸಮನ್ಸ್ ಬಂತು. ಲಾಯರ್ ಇಡುವ ಶಕ್ತಿ ತನಗಿಲ್ಲ, ಒಪ್ಪಿಕೊಂಡು ಬರುತ್ತೇನೆ ಎಂದಳು. ಅವಳ ಕೈಯಿಂದ ಕಾಗದ ಕಿತ್ತುಕೊಂಡದ್ದು ಮುನಿವೆಂಕಟಮ್ಮ. “ಓದಿಸ್ದೇ ಒಪ್ಕೊಳ್ಳೋದು ಯಾವ ನ್ಯಾಯಾನೇ? ನಡಿ” ಎಂದು ಯಮುನಾಳ ಜೊತೆ ಕೋರ್ಟಿನ ಕಾನೂನು ಸೇವಾ ಕಚೇರಿಗೆ ಕರೆದೊಯ್ದಳು. ಹೆಂಗಸೆಂಬ ಕಾರಣಕ್ಕೇ ಹುಸೇನಮ್ಮನಿಗೆ ಉಚಿತ ವಕೀಲರು ಸಿಕ್ಕರು.

ನಿಮ್ಮ ಮನೆಗೂ ನಾಳೆ ಇಂಥ ಕಾಗದ ಬರಬಹುದು. ಬಂದರೆ ಹೆದರಬೇಡಿ, ಪೆಟ್ಟಿಗೆಯ ಅಡಿಗೂ ಹಾಕಬೇಡಿ. ಅದರಲ್ಲಿರುವ ದಿನಾಂಕ ನೋಡಿ, ಅದೇ ಕೋರ್ಟಿನಲ್ಲಿ ಕೆಲಸ ಮಾಡುವ ಹತ್ತಿರದ ವಕೀಲರಿಗೆ ತೋರಿಸಿ, ಫೀಸನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ. ಕೇಸು ಸಣ್ಣದೇ ಇರಲಿ, ಅದರ ಮೇಲೆ ಬರೆಯುವುದು ನಿಮ್ಮ ಹೆಸರನ್ನು.