ಸಾಲು ಮುಗಿಯುವವರೆಗೆ

ಲಿಟಲ್ ಜೋರ್ಡನ್ ಚರ್ಚಿನ ಸಭೆಯವರು ಭಾನುವಾರದ ಆರಾಧನೆಯನ್ನು ಶನಿವಾರಕ್ಕೆ ಸರಿಸಿದ್ದು ನೂರಹನ್ನೆರಡು ವರ್ಷಗಳಲ್ಲಿ ಇದೇ ಮೊದಲು. ಹೊಳೆ ಉಕ್ಕಿ ಬೆಂಚುಗಳು ತೇಲಿದ ವರ್ಷವೂ ಸರಿಸಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತೇ ಹಾಡಿದ್ದರು. ಈ ಸಲ ಪಾಸ್ಟರ್ ಗ್ರೇಡಿ ಎಲ್ಲರ ಒಪ್ಪಿಗೆ ಕೇಳಿದಾಗ, ಇಡೀ ಸಭೆಯ ಕಣ್ಣು ಮುಂದಿನ ಬೆಂಚಿನ ಡೀಕನ್ ಹೊಸೀಯಾ ಟಾಲಿವರ್ ಕಡೆ ತಿರುಗಿತಂತೆ. ಎಪ್ಪತ್ತೆಂಟು ವರ್ಷದ ಮುದುಕ, ಸಭೆಯ ಹಿರಿಯ. ಆತ ಕೋಲು ಊರಿ ಎದ್ದು ನಿಂತು ಒಂದೇ ಮಾತು ಕೇಳಿದನಂತೆ: "ಯಾಕೆ, ಶನಿವಾರ ಕರ್ತನಿಗೆ ಕಿವಿ ಕೇಳಿಸೋದಿಲ್ವಾ?"

ಹಾಗೆ ನಲವತ್ತಮೂರು ಜನ ಶನಿವಾರ ಬೆಳಿಗ್ಗೆ ಆರಾಧನೆ ಮುಗಿಸಿ, ಬಸ್ಸು ಹತ್ತಿ, ಅಲಬಾಮದ ಹತ್ತಿ ಹೊಲಗಳನ್ನು ದಾಟಿ ನಾಲ್ಕು ಗಂಟೆ ಪ್ರಯಾಣ ಮಾಡಿ ಆಟ ನಡೆಯುವ ನಗರಕ್ಕೆ ಬಂದಿಳಿದರು. ಡೀಕನ್ನನ ಮಗ ಓಬೆಡ್ ಉತ್ತರದ ತಣ್ಣನೆಯ ಊರೊಂದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಡುವವನು. ಆ ತಂಡ ಭಾನುವಾರ ಮಧ್ಯಾಹ್ನ ಇಲ್ಲಿಯ ತಂಡದ ಮೇಲೆ ಆಡಬೇಕಿತ್ತು. ಗೆದ್ದರೆ ಮುಂದಿನ ವಾರ ಇನ್ನೊಂದು ಆಟ. ಸೋತರೆ ಅಲ್ಲಿಗೆ ಮುಗಿಯಿತು. ತಂಡಕ್ಕೆ ಈ ವರ್ಷ ಮುಗಿಯುತ್ತದೆ, ಓಬೆಡ್‌ಗೆ ಆಟವೇ ಮುಗಿಯುತ್ತದೆ. ಇದೇ ಕಡೆಯ ವರ್ಷವೆಂದು ಅವನು ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದ.

ತಂಡ ಇಳಿದುಕೊಂಡಿದ್ದ ಹೋಟೆಲಿನ ಹಜಾರದಲ್ಲಿ ಮನೆಯವರನ್ನು ನೋಡಲು ಅರ್ಧ ಗಂಟೆ ಕೊಟ್ಟಿದ್ದರು. ಓಬೆಡ್ ಮೆಟ್ಟಿಲಿಳಿದು ಬಂದಾಗ ಹಜಾರದ ತುಂಬ ಸಭೆಯ ಹೆಂಗಸರ ಟೋಪಿಗಳು. ನೇರಳೆ, ಹಳದಿ, ಗರಿ ಸಿಕ್ಕಿಸಿದ್ದು, ಬಲೆ ಇಳಿಬಿಟ್ಟದ್ದು.

"ಬಂದ ನೋಡ್ರೇ ನಮ್ಮ ಕುಂಟು ಕುದುರೆ," ಎಂದಳು ಒಡೆಸ್ಸಾ ಅತ್ತೆ. ಅವಳು ಡೀಕನ್ನನ ತಂಗಿ. ಅವಳ ನಾಲಿಗೆಯ ಪೆಟ್ಟು ತಿನ್ನದವರು ಆ ಸಭೆಯಲ್ಲಿ ಯಾರೂ ಇಲ್ಲ. "ಟಿವಿಯಲ್ಲಿ ದೊಡ್ಡದಾಗಿ ಕಾಣ್ತಿದ್ದೆ. ಇಲ್ಲಿ ನೋಡಿದ್ರೆ ಪಾಪ, ಸೊರಗಿದೀಯ."

"ನೂರಹತ್ತು ಕೇಜಿ ಇದೀನಿ ಅತ್ತೆ."

"ಅದೇ ಹೇಳಿದ್ದು, ಸೊರಗಿದೀಯ."

ತಾಯಿ ಲೂವೀನಿಯಾ ಹತ್ತಿರ ಬಂದಳು. ಮಗನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು, ಬಲಗೈಯ ಎರಡು ಬೆರಳು ಗಂಟುಗಂಟಾಗಿದ್ದವು. "ಇದು ಹೊಸದು," ಎಂದಳು, ಹೆಬ್ಬೆರಳ ಬುಡದ ಬಾವು ಮುಟ್ಟಿ. ಓಬೆಡ್ ನಕ್ಕ. ಹನ್ನೊಂದು ವರ್ಷದ ಲೆಕ್ಕ ಅವಳ ಬೆರಳ ತುದಿಯಲ್ಲೇ ಇತ್ತು.

ಓಡುವುದರಲ್ಲಿ ಓಬೆಡ್ ಯಾವತ್ತೂ ಗಟ್ಟಿಗನಲ್ಲ. ಸಣ್ಣ ಕಾಲೇಜೊಂದರಲ್ಲಿ ಆಡಿದವನು. ದೊಡ್ಡ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ಮೂರು ದಿನವೂ ಮನೆಯಲ್ಲಿ ಫೋನಿನ ಮುಂದೆ ಕೂತಿದ್ದ. ಫೋನು ಬಂದದ್ದು ಒಂದೇ, ಒಡೆಸ್ಸಾ ಅತ್ತೆ ಬಂತಾ ಎಂದು ಕೇಳಲು ಮಾಡಿದ್ದು. ಆಮೇಲೆ ಒಂದು ತಂಡ 'ಬೇಕಾದರೆ ಬಂದು ನೋಡು' ಎಂದಿತು. ಮೊದಲ ನಾಲ್ಕು ವರ್ಷ ಬರೀ ಒದ್ದ ಚೆಂಡಿನ ಹಿಂದೆ ಓಡಿ, ಅದನ್ನು ಹಿಡಿದವನನ್ನು ಬೀಳಿಸುವ ಕೆಲಸ. ಐದನೆಯ ವರ್ಷ, ನಡುವೆ ನಿಲ್ಲುವ ಲೈನ್‌ಬ್ಯಾಕರ್ ಮೊಣಕಾಲು ಮುರಿದುಕೊಂಡಾಗ, ಬೇರೆ ಗತಿಯಿಲ್ಲದೆ ಇವನನ್ನು ನಿಲ್ಲಿಸಿದರು. ತಡೆಯುವ ಪಡೆಯ ಉಳಿದ ಹತ್ತು ಜನರಿಗೂ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವ ಜಾಗ ಅದು. ಅಂದಿನಿಂದ ಆ ಜಾಗ ಇವನದೇ. ಎರಡು ಸಲ ಮೊಣಕಾಲು ಕೊಯ್ಸಿಕೊಂಡ, ಒಂದು ಸಲ ಭುಜ. ಆದರೂ ಮರಳಿ ಅಲ್ಲಿಗೇ ಬಂದು ನಿಂತ. "ಇವನದು ಎತ್ತಿನ ಕಾಲು, ಮೊಲದ ಕಿವಿ," ಎನ್ನುತ್ತಿದ್ದ ಕೋಚ್.

ಆ ಕಿವಿ ಬಂದದ್ದು ಲಿಟಲ್ ಜೋರ್ಡನ್‌ನಿಂದ. ಅಲ್ಲಿ ಹಾಡಿನ ಪುಸ್ತಕವಿಲ್ಲ. ಓದು ಬಾರದ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು ಒಂದೇ ಕ್ರಮ. ಡೀಕನ್ ಎದ್ದು ಸಾಲು ಕೊಡುತ್ತಾನೆ: ಮಾತೂ ಅಲ್ಲ, ಹಾಡೂ ಅಲ್ಲ, ಬಿರುಸಾಗಿ ಒಂದು ಸಾಲನ್ನು ಹೇಳಿ, ಕೊನೆಯ ಪದವನ್ನು ಮೇಲಿನಿಂದ ಕೆಳಕ್ಕೆ ಜಾರಿಸಿ ಬಿಡುತ್ತಾನೆ. ಅದು ಜಾರಿ ನೆಲ ಮುಟ್ಟಿದ ಗಳಿಗೆಗೆ ಸರಿಯಾಗಿ ಸಭೆ ಆ ಸಾಲನ್ನು ಎತ್ತಿಕೊಂಡು ಎಳೆದೆಳೆದು ಹಾಡುತ್ತದೆ. ಮೊದಲು ಉದ್ದ ಸಾಲು, ಆಮೇಲೆ ಗಿಡ್ಡ ಸಾಲು. ಗಿಡ್ಡದು ಮುಗಿದರೆ ಅರ್ಧ ಪದ್ಯ ಮುಗಿದಂತೆ. "ಸಾಲು ಮುಗಿಯೋಕೆ ಮುಂಚೆ ಬಾಯಿ ತೆರೆದವನು ಕರ್ತನ ಮಾತಿಗೆ ಅಡ್ಡ ಬಂದ ಹಾಗೆ," ಎಂದು ಅಪ್ಪ ಕಲಿಸಿದ್ದ. ಓಬೆಡ್ ಆರು ವರ್ಷದವನಾಗಿದ್ದಾಗಿನಿಂದ ಅಡ್ಡ ಬಂದವನಲ್ಲ.

ಆಟದಲ್ಲೂ ಅದೇ ನಿಯಮ. ಎದುರು ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಜ್ಞೆ ಕೂಗುವವನು, ಏನೇನೋ ಬಣ್ಣ, ಸಂಖ್ಯೆ ಕೂಗುತ್ತಾನೆ. ಚೆಂಡು ನೆಲದಿಂದ ಹಿಂದಕ್ಕೆ ಚಿಮ್ಮುವ ಮುನ್ನ ತಡೆಯುವವನು ಗೆರೆ ದಾಟಿದರೆ ರೆಫರಿಯ ಹಳದಿ ಬಟ್ಟೆ ಹಾರುತ್ತದೆ, ಐದು ಗಜ ದಂಡ. ಕೂಗುವವರು ದನಿ ಏರಿಸಿ, ಥಟ್ಟನೆ ನಿಲ್ಲಿಸಿ, ತಡೆಯುವವರನ್ನು ಮುಂದಕ್ಕೆ ಎಳೆಯಲು ನೋಡುತ್ತಾರೆ. ಎಂಥೆಂಥ ಆಟಗಾರರೋ ಆ ಬಲೆಗೆ ಬಿದ್ದಿದ್ದಾರೆ. ಓಬೆಡ್ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಬಿದ್ದಿರಲಿಲ್ಲ. ಲಿಟಲ್ ಜೋರ್ಡನ್‌ನವರಿಗೆ ಅವನು ಬೀಳಿಸಿದ ಸಾವಿರ ಜನರಿಗಿಂತ ಇದರದ್ದೇ ಹೆಚ್ಚು ಹೆಮ್ಮೆ. ಕಟಿಂಗ್ ಅಂಗಡಿಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಸಹ ಅದನ್ನು ಹೇಳಿಕೊಳ್ಳುತ್ತಿದ್ದರು.

ಹೊರಡುವಾಗ ಡೀಕನ್ ಮಗನ ಭುಜದ ಮೇಲೆ ಕೈ ಇಟ್ಟ. "ಗೆಲ್ಲೋದು ಸೋಲೋದು ಕರ್ತನ ಚಿತ್ತ. ಆದ್ರೆ ನಾವು ಬಸ್ಸಿಗೆ ಬಾಡಿಗೆ ಕೊಟ್ಟಿದೀವಿ, ಅದನ್ನ ಮನಸ್ಸಲ್ಲಿಟ್ಕೋ."

ಭಾನುವಾರ ಎಪ್ಪತ್ತು ಸಾವಿರ ಜನ. ಲಿಟಲ್ ಜೋರ್ಡನ್‌ನವರು ಓಬೆಡ್‌ನ ತಂಡದ ಹಿಂದೆ, ಏಳನೆಯ ಸಾಲಿನಲ್ಲಿ ಟೋಪಿ ಸಮೇತ ಕೂತಿದ್ದರು. ಎದುರಾಳಿಗಳ ಊರಾದ್ದರಿಂದ, ತಮ್ಮವನು ಆಜ್ಞೆ ಕೂಗುವಾಗ ಆ ಊರಿನ ಜನ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಿದ್ದರು. ಕೂಗುವವನು ಥೆರನ್ ಮೇಬ್ರಿ, ಇಪ್ಪತ್ತಾರರ ಹುಡುಗ, ಚುರುಕು ಕಣ್ಣು.

ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕೆಂಬುದು ಆಟದ ಕಟ್ಟಳೆ; ಎರಡನೆಯ ಕಾಲುಭಾಗದಲ್ಲಿ ಎದುರಾಳಿಗಳಿಗೆ ಇನ್ನು ಮೂರು ಗಜ ಬೇಕಿತ್ತು. ಓಬೆಡ್ ನುಗ್ಗುವವನಂತೆ ಗೆರೆಯ ಅಂಚಿಗೆ ಬಂದು ನಿಂತ. ಕಣ್ಣು ಚೆಂಡಿನ ಮೇಲೆ, ಕಿವಿ ಥೆರನ್ ಮೇಲೆ. ಥೆರನ್ ಒಮ್ಮೆ ಇವನನ್ನು ನೋಡಿ, ತಲೆ ತುಸು ಓರೆ ಮಾಡಿ, ಕೂಗಿದ. ಕೂಗಿದ್ದು ಬರೀ ಸಂಖ್ಯೆ, ನೀಲಿ ಎಂಬತ್ತು, ನೀಲಿ ಎಂಬತ್ತು. ಆದರೆ ಕೂಗಿದ ಧಾಟಿ! ಬಿರುಸಾಗಿ, ಮೂಗಿನಲ್ಲಿ, ಕೊನೆಯ ಪದವನ್ನು ಮೇಲಿನಿಂದ ಜಾರಿಸಿ...

ಓಬೆಡ್‌ನ ಎದೆ ಗಾಳಿ ತುಂಬಿಕೊಂಡಿತು, ಬಾಯಿ ತೆರೆಯಿತು, ಕಾಲು ಗೆರೆ ದಾಟಿತು. ಚೆಂಡು ಇದ್ದಲ್ಲೇ ಇತ್ತು.

ಹಳದಿ ಬಟ್ಟೆ ಬಿತ್ತು. ಐದು ಗಜ. ಅವರಿಗೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ.

"ಯಾಕಣ್ಣಾ," ಎಂದ ಥೆರನ್, ನಗು ತಡೆದುಕೊಳ್ಳುತ್ತಾ, "ಆಮೆನ್ ಅನ್ನೋಕೆ ಅಷ್ಟು ಅವಸರವಾ?"

"ಎಲ್ಲಿ ಕಲಿತೆಯೋ ಅದನ್ನ?"

"ನಮ್ಮಜ್ಜಿ ಸಭೇಲಿ. ನಿಮ್ಮ ಪಕ್ಕದ ಕೌಂಟಿನೇ ನಮ್ದು. ಈ ವಾರ ಪೂರ್ತಿ ಮನೇಲಿ ಪ್ರಾಕ್ಟೀಸ್ ಮಾಡಿದೀನಿ."

ಪಕ್ಕದಲ್ಲಿ ಫೋನುವಾ, ಮುಂದಿನ ಸಾಲಿನ ಬೆಟ್ಟದಂಥ ಟೋಂಗಾ ದ್ವೀಪದ ಹುಡುಗ, ಬೆಪ್ಪಾಗಿ ನೋಡುತ್ತಿದ್ದ. "ನೀನಾ? ನೀನು ಹಾರಿದ್ಯಾ? ಹಾರಿದ್ದು ನಾನೇ ಅಂದ್ಕೊಂಡು ಕೈ ಎತ್ತಿದ್ನಲ್ಲೋ ಮಾರಾಯಾ!" ರೆಫರಿ ಇಡೀ ಮೈದಾನಕ್ಕೆ ಕೇಳುವಂತೆ ಓಬೆಡ್‌ನ ಅಂಗಿಯ ಸಂಖ್ಯೆ ಹೇಳಿದ. ಏಳನೆಯ ಸಾಲಿನ ಕಡೆ ತಿರುಗಿ ನೋಡಲು ಓಬೆಡ್‌ಗೆ ಧೈರ್ಯ ಬರಲಿಲ್ಲ. ಹನ್ನೊಂದು ವರ್ಷ ಕಾಪಾಡಿದ್ದನ್ನು, ನೋಡಲೆಂದೇ ಬಂದವರ ಕಣ್ಣೆದುರಿಗೇ ಕಳೆದಿದ್ದ. ಇನ್ನು ನಾಲ್ಕು ಸಲ ಚೆಂಡು ಚಿಮ್ಮುವಷ್ಟರಲ್ಲಿ ಅವರು ಚೆಂಡನ್ನು ಕೊನೆಯ ಗೆರೆ ದಾಟಿಸಿದರು.

ಕೊನೆಗೆ ಎರಡು ನಿಮಿಷ ಉಳಿದಾಗ ಓಬೆಡ್‌ನ ತಂಡದ್ದು ಇಪ್ಪತ್ತು ಅಂಕ, ಅವರದು ಹದಿನಾರು. ಚೆಂಡು ಅವರದು, ಗುರಿಗೆ ಎಂಟು ಗಜ ದೂರದಲ್ಲಿ. ನಾಲ್ಕನೆಯ ಅವಕಾಶ, ಬೇಕಾದದ್ದು ಒಂದೇ ಗಜ. ಒಂದು ಗಜ ಸಿಕ್ಕರೆ ಆಮೇಲೆ ಅವರನ್ನು ತಡೆಯುವುದು ಕಷ್ಟ. ಸಿಗದಿದ್ದರೆ ಆಟ ಮುಗಿದಂತೆ. ಬಲವಾಗಿ ನುಗ್ಗಿದರೂ ಗಜ ಸಿಗುತ್ತದೆ. ತಡೆಯುವವರಲ್ಲಿ ಯಾರಾದರೂ ಹಾರಿದರೆ ಪುಕ್ಕಟೆಯಾಗಿಯೇ ಸಿಗುತ್ತದೆ.

"ಯಾರೂ ಅಲುಗಬೇಡಿ," ಎಂದ ಓಬೆಡ್, ತನ್ನವರ ಬೆನ್ನಿಗೆ ಒಂದೊಂದು ಪೆಟ್ಟು ಕೊಡುತ್ತಾ. "ಅವನು ಹಾಡ್ಲಿ, ಅಳ್ಲಿ, ಅವರಮ್ಮನ್ನ ಕೂಗ್ಲಿ. ಚೆಂಡು ಅಲುಗೋವರೆಗೂ ನೀವು ಬಂಡೆ."

"ನೀನೂ ಬಂಡೆ ತಾನೇ?" ಎಂದ ಫೋನುವಾ.

ಓಬೆಡ್ ತನ್ನ ಜಾಗಕ್ಕೆ ಹೋಗಿ ನಿಂತ.

ಎಪ್ಪತ್ತು ಸಾವಿರ ಜನ ಸುಮ್ಮನಾದರು. ಥೆರನ್ ಬಗ್ಗಿದ. ಅವನ ಹಿಂದೆ ಚೆಂಡು ಹಿಡಿದು ಓಡಬೇಕಾದವನ ಹಿಮ್ಮಡಿ ನೆಲ ಬಿಟ್ಟಿತ್ತು, ಬೆರಳುಗಳು ಅಗಲವಾಗಿದ್ದವು. ಇದು ಬರೀ ನಾಟಕವಲ್ಲ, ನಿಜವಾಗಿ ನುಗ್ಗುತ್ತಾರೆ. ಆದರೆ ಯಾವಾಗ?

ಥೆರನ್ ಅದೇ ಧಾಟಿ ಎತ್ತಿದ. ಉದ್ದ ಸಾಲು, ಬಿರುಸಾಗಿ, ಜಾರಿ ಕೆಳಕ್ಕೆ. ಓಬೆಡ್‌ನ ಎದೆಯಲ್ಲಿ ಮತ್ತೆ ಗಾಳಿ ತುಂಬಿತು. ಅವನು ಹಲ್ಲು ಕಚ್ಚಿದ, ಕಾಲು ಅಲುಗಲಿಲ್ಲ. ಯಾರೂ ಅಲುಗಲಿಲ್ಲ. ಚೆಂಡೂ ಅಲುಗಲಿಲ್ಲ.

ಆ ಮೌನದಲ್ಲಿ ಓಬೆಡ್‌ಗೆ ಹೊಳೆಯಿತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಎಲ್ಲಿ ಬೇಕಾದರೂ ಚೆಂಡು ಕರೆಯುತ್ತಿದ್ದರು. ಆದರೆ ಈ ಹುಡುಗ ಅಜ್ಜಿಯ ಪಕ್ಕದಲ್ಲಿ ಕೂತು ಕಲಿತವನು. ಉದ್ದ ಸಾಲು ಕೊಟ್ಟವನು ಗಿಡ್ಡ ಸಾಲು ಕೊಡದೆ ಬಿಡುವುದುಂಟೇ? ಜೋಡಿ ಸಾಲನ್ನು ನಡುವೆಯೇ ಮುರಿದವನನ್ನು ಅಜ್ಜಿ ಬಿಟ್ಟಾಳೇ? ನನ್ನ ಕಾಲನ್ನು ಕಟ್ಟಿರುವ ಹಗ್ಗವೇ ಇವನ ನಾಲಿಗೆಯನ್ನೂ ಕಟ್ಟಿದೆ.

ಥೆರನ್ ಗಿಡ್ಡ ಸಾಲು ಎತ್ತಿಕೊಂಡ. ಓಬೆಡ್ ಕೇಳಿಸಿಕೊಂಡ. ಈಗ ಕಣ್ಣು ಬೇಕಿರಲಿಲ್ಲ. ಕೊನೆಯ ಪದ ಮೇಲೇರಿತು, ತಿರುಗಿತು, ಜಾರಿತು, ನೆಲ ಮುಟ್ಟಿತು.

ಚೆಂಡು ಚಿಮ್ಮಿದ್ದೂ ಓಬೆಡ್ ನುಗ್ಗಿದ್ದೂ ಒಂದೇ ಉಸಿರಿನಲ್ಲಿ. ಫೋನುವಾನ ಬೆನ್ನಿನ ಪಕ್ಕದ ಸಂದಿಯಲ್ಲಿ ತೂರಿ, ತಡೆಯಬೇಕಾದವನು ಕೈ ಎತ್ತುವ ಮೊದಲೇ ದಾಟಿ, ಚೆಂಡು ಆಗಷ್ಟೇ ಹೊಟ್ಟೆಗೆ ಸಿಕ್ಕಿದ ಓಟಗಾರನನ್ನು ಗೆರೆಯ ಎರಡು ಗಜ ಹಿಂದೆಯೇ ಅಪ್ಪಿ ನೆಲಕ್ಕೆ ಕೆಡವಿದ. ಅವನ ಮೊಣಕಾಲು ಕಟಕ್ಕೆಂದಿತು. ಅವರಿಬ್ಬರ ಮೇಲೆ ಹತ್ತು ಜನ ಬಿದ್ದರು. ಎಲ್ಲರ ಅಡಿಯಲ್ಲಿ, ಹುಲ್ಲಿನಲ್ಲಿ ಮೂಗು ಹುಗಿದು, ಓಬೆಡ್ ಜೋರಾಗಿ ನಗುತ್ತಿದ್ದ. ಹಳದಿ ಬಟ್ಟೆ ಎಲ್ಲೂ ಇರಲಿಲ್ಲ.

ಸ್ನಾನ ಮುಗಿಸಿ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಸಿಕೊಂಡು ಹೊರಗೆ ಬಂದಾಗ ಲಿಟಲ್ ಜೋರ್ಡನ್‌ನವರು ಬಸ್ಸಿನ ಪಕ್ಕದಲ್ಲಿ ಮೇಜು ಬಿಡಿಸಿ, ಕರಿದ ಕೋಳಿ, ಜೋಳದ ರೊಟ್ಟಿ, ಕೇಕು ಹರಡಿಕೊಂಡಿದ್ದರು. ಓಬೆಡ್ ನೇರವಾಗಿ ಅಪ್ಪನ ಹತ್ತಿರ ಹೋದ.

"ಅಪ್ಪಾ, ಆ ಹಳದಿ ಬಟ್ಟೆ... ನಿಮ್ಮೆಲ್ಲರ ಮುಂದೆ..."

ಡೀಕನ್ ಕೆಮ್ಮಿದ. ಒಡೆಸ್ಸಾ ಅತ್ತೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ಪಾಸ್ಟರ್ ಗ್ರೇಡಿ ಆಕಾಶ ನೋಡಿದರು.

"ಹೇಳಣ್ಣಾ, ಹೇಳು," ಎಂದಳು ಅತ್ತೆ. "ಸುಳ್ಳು ಹೇಳೋ ವಯಸ್ಸಲ್ಲ ನಿಂದು."

"ಆ ಹುಡುಗ ಸಾಲು ಕೊಟ್ಟ ನೋಡು," ಎಂದ ಡೀಕನ್, ಕೋಲಿನ ತುದಿ ನೋಡುತ್ತಾ, "ನಾವು ಎತ್ಕೊಂಡ್ವಿ."

"ಎತ್ಕೊಂಡ್ರಿ ಅಂದ್ರೆ?"

"ನಲವತ್ತಮೂರು ಜನನೂ! ಗಟ್ಟಿಯಾಗಿ!" ಅತ್ತೆಗೆ ನಗು ತಡೆಯಲಾಗಲಿಲ್ಲ. "ಮುಂದಿನ ಸಾಲಿನವನು ಬಿಯರ್ ಚೆಲ್ಕೊಂಡ. ಮೊದಲು ಎದ್ದು ನಿಂತಿದ್ದೇ ನಿಮ್ಮಪ್ಪ!"

ತಾಯಿ ಲೂವೀನಿಯಾ ಮಗನ ಹತ್ತಿರಕ್ಕೆ ಸರಿದಳು. "ನೀನು ಹಾರ್ದೇ ಇದ್ದಿದ್ರೆ ನನಗೆ ಬೇಜಾರಾಗ್ತಿತ್ತು ಮಗಾ. ನಮ್ಮನೇಲಿ ಬೆಳೆದವನಲ್ವೇನೋ ಅನ್ಕೊತಿದ್ದೆ."

ಓಬೆಡ್‌ನ ಎದೆಯಿಂದ ಕಲ್ಲೊಂದು ಇಳಿಯಿತು. ಕೋಳಿಯ ತುಂಡೊಂದನ್ನು ಎತ್ತಿಕೊಂಡ. ಅಷ್ಟರಲ್ಲಿ ಥೆರನ್ ಮೇಬ್ರಿ, ಸೋತ ಮುಖ ಹೊತ್ತು, ಬ್ಯಾಗು ತೂಗಿಸಿಕೊಂಡು ಅಲ್ಲಿಗೇ ಬಂದ. ಹಿರಿಯರ ಮುಂದೆ ಟೋಪಿ ತೆಗೆದ.

"ನಿಮ್ಮ ಮನೆಯವರು ಯಾರಪ್ಪಾ?" ಎಂದಳು ಲೂವೀನಿಯಾ, ಆಗಲೇ ತಟ್ಟೆ ತುಂಬಿಸುತ್ತಾ.

"ಆಲ್ಟಾ ಮೇಬ್ರಿ ಮೊಮ್ಮಗ, ಅಮ್ಮಾ."

"ಆಲ್ಟಾನಾ!" ಎಂದ ಡೀಕನ್. "ಒಳ್ಳೇ ದನಿ ಅವಳದು. ಕರ್ತನ ಧಾಟೀಲಿ ಐದು ಗಜ ಕದ್ದೆಯಲ್ಲೋ ತಮ್ಮಾ, ಅವಳಿಗೆ ಹೇಳ್ಲಾ?"

"ಬೇಡ ತಾತ, ದಮ್ಮಯ್ಯ."

"ಹಾಗಾದ್ರೆ ತಿನ್ನು. ಧಾಟಿ ಸರಿಯಾಗೇ ಇತ್ತು. ಉಸಿರು ಮಾತ್ರ ಗಿಡ್ಡ."

ತಂಡದ ಬಸ್ಸು ಹಾರ್ನ್ ಹೊಡೆಯಿತು. ಓಬೆಡ್ ಕುಂಟುತ್ತಾ ಹೊರಟ. ಹಿಂದಿನಿಂದ ಪಾಸ್ಟರ್ ಗ್ರೇಡಿ ಕೂಗಿದರು: "ಮುಂದಿನ ವಾರ ಎಲ್ಲಪ್ಪಾ ಆಟ?"

ಓಬೆಡ್ ಊರಿನ ಹೆಸರು ಹೇಳಿದ. ಸಭೆಯವರ ಬಸ್ಸಿನ ಡ್ರೈವರು ಬಾಯಲ್ಲಿದ್ದ ಕೇಕು ನುಂಗಿ, "ಅಯ್ಯಪ್ಪಾ, ಹತ್ತೊಂಬತ್ತು ಗಂಟೆ ದಾರಿ," ಎಂದ.

ಡೀಕನ್ ಹೊಸೀಯಾ ಕೋಲನ್ನು ನೆಲಕ್ಕೆ ಕುಟ್ಟಿ ಸಭೆಯ ಕಡೆ ತಿರುಗಿದ. "ಹಾಗಾದ್ರೆ ಈ ಸಲ ಆರಾಧನೆ ಗುರುವಾರ," ಎಂದ. ಯಾರೂ ಬೇಡವೆನ್ನಲಿಲ್ಲ.