ಹಸುವಿಗೆ ಹಾಕಿದ ಬಾಟಲಿ

“ಬಾಲ ತಿರುವೇ ಮುಂಡೆ, ಬಾಲ! ಬಳೆ ಒಡ್ದೋಯ್ತವೆ ಅಂತ ನೋಡ್ತಿದ್ದೀಯಾ?”

ಶಶಿಧರ್ ಗೌಡರು ಕೂಗುತ್ತಿದ್ದದ್ದು ನನಗೆ. ಹಿಂದಿನ ದಿನವಷ್ಟೇ ಕರು ಹಾಕಿದ್ದ ಸೀಮೆಹಸು ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯಲ್ಲಿ ಕುಸಿದುಬಿಟ್ಟಿತ್ತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು, ಕಿವಿ ಮುಟ್ಟಿದರೆ ತಣ್ಣಗೆ. ನಾನು ಬಾಲ ತಿರುವಿದೆ. ನನ್ನ ಜೊತೆ ಅಲ್ಲಿ ಕೂಲಿಗಿರುವ ನಮ್ಮ ಕೇರಿಯ ಮಹದೇವು ಹೊಟ್ಟೆಯಡಿ ಗೋಣಿತಾಟು ಕೊಟ್ಟು ಎತ್ತಿದ. ಏಳಲಿಲ್ಲ. ಗೌಡರು ನನ್ನ ಬೆನ್ನಿಗೆ ಒದ್ದರು. ಅಷ್ಟು ದುಡ್ಡಿನ ಹಸುವನ್ನು ಒದೆಯುವ ಹಾಗಿರಲಿಲ್ಲವಲ್ಲ.

ಕೊಪ್ಪದಿಂದ ದನದ ಡಾಕ್ಟರು ರಘುನಂದನ್ ಬೈಕಿನಲ್ಲಿ ಬಂದರು. ಕಣ್ಣು ನೋಡಿ, ಮೂಗು ಮುಟ್ಟಿ, ತೊಲೆಗೆ ಒಂದು ಬಾಟಲಿ ತೂಗುಹಾಕಿ ಹಸುವಿನ ಕುತ್ತಿಗೆಗೆ ಸೂಜಿ ಚುಚ್ಚಿದರು.

“ಬದುಕ್ತದಾ ಡಾಕ್ಟ್ರೇ?” ಗೌಡರ ದನಿ ಈಗ ಬೇರೆಯಾಗಿತ್ತು.

“ಹೆದರಬೇಡಿ ಗೌಡ್ರೇ, ಹಾಲು ಜ್ವರ. ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಇಳಿದುಬಿಟ್ಟಿದೆ. ಮೂಳೆಯಿಂದ ಅಷ್ಟು ಬೇಗ ಬರಲ್ಲ, ಅದಕ್ಕೇ ಕೂತುಬಿಟ್ಟಿದೆ.”

ಬಾಟಲಿ ಇಳಿಯುತ್ತಾ ಹೋಯಿತು. ಹಸು ಒಂದು ಸಲ ತೇಗಿತು, ಮೈ ನಡುಗಿಸಿತು, ಸಗಣಿ ಹಾಕಿತು. ಆಮೇಲೆ ಹಿಂಗಾಲು ಊರಿ ಎದ್ದು ನಿಂತೇಬಿಟ್ಟಿತು. ನಾನು ತಿರುಗಿ ಬಾಗಿಲ ಕಡೆ ನೋಡಿದೆ.

ಕೊಟ್ಟಿಗೆಯ ಬಾಗಿಲಲ್ಲಿ ಗೋಣಿಚೀಲದ ಮೇಲೆ ನನ್ನ ಮಗಳು ಅಮೃತ ಕೂತಿದ್ದಳು. ನಾಲ್ಕು ತುಂಬುತ್ತಾ ಬಂದರೂ ನಡೆದರೆ ಬಾತುಕೋಳಿಯ ಹಾಗೆ ಓಲಾಡುತ್ತಾಳೆ. ಎರಡು ಕಾಲೂ ಕುಡುಗೋಲಿನಂತೆ ಹೊರಕ್ಕೆ ಬಾಗಿವೆ. ಮಂಡ್ಯದಲ್ಲಿ ಮಕ್ಕಳ ಡಾಕ್ಟರು ಎಕ್ಸ್‌ರೇ ತೆಗೆಸಿ, “ಮೂಳೆಗೆ ಬೇಕಾದ್ದು ಹೊಟ್ಟೆಗೆ ಹೋಗಿಲ್ಲಮ್ಮ. ಹಾಲು ಕೊಡು, ಮೊಟ್ಟೆ ಕೊಡು, ಔಷಧಿ ತಪ್ಪಿಸಬೇಡ. ಈಗಲೇ ನೋಡಿಕೊಂಡರೆ ನೆಟ್ಟಗಾಗುತ್ತೆ, ಬಿಟ್ಟರೆ ಹಾಗೇ ಗಟ್ಟಿಯಾಗಿಬಿಡುತ್ತೆ” ಎಂದಿದ್ದರು. ಔಷಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹೊಟ್ಟೆಗೆ ರೇಷನ್ ಅಕ್ಕಿಯ ಅನ್ನ, ಉಪ್ಪೆಸರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಈಗ ಗೌಡರ ಕಬ್ಬು.

“ಸಾ, ನಮ್ ಮೊಗೀಗೂ ಅದೇ ಬಾಟ್ಲಿ ಆಕ್ಬುಡಿ ಸಾ” ಎಂದುಬಿಟ್ಟೆ. “ಅದ್ಕೂ ಮೂಳೇಲಿ ಅದೇ ಕಮ್ಮಿಯಂತೆ.”

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಾಕೇ ಚಲುವಿ, ನಿನ್ ಮಗ್ಳೂ ಒತ್ತೊತ್ತಿಗೆ ಅತ್ ಲೀಟ್ರು ಕರೀತಾಳಾ?”

ಡಾಕ್ಟರೂ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, “ಇದು ಮನುಷ್ಯರಿಗಲ್ಲಮ್ಮ. ದಿನಾ ಹಾಲು ಕೊಡು, ಮಂಡ್ಯದ ಡಾಕ್ಟರಿಗೆ ಮತ್ತೆ ತೋರಿಸು” ಎಂದರು. ಗೌಡರ ಕೈಗೆ ಇನ್ನೊಂದು ದೊಡ್ಡ ಬಾಟಲಿ ಕೊಟ್ಟು, “ಇದನ್ನ ಬೆಳಿಗ್ಗೆ ಸಂಜೆ ಬಾಯಿಗೆ ಹಾಕಿ. ಎರಡು ದಿನ ಕೆಚ್ಚಲನ್ನ ಪೂರ್ತಿ ಬರಿದು ಮಾಡಬೇಡಿ. ಬಾಣಂತಿ, ಚೆನ್ನಾಗಿ ನೋಡ್ಕೊಳ್ಳಿ” ಎಂದು ಹೇಳಿ ಹೋದರು. ಅಮೃತಳನ್ನು ಹೆತ್ತು ಹಸಿ ಬಾಣಂತಿಯಾಗಿದ್ದಾಗಲೇ ನಾನು ಇದೇ ಗೌಡರ ಕಬ್ಬಿನ ಗದ್ದೆಯಲ್ಲಿ ತರಗು ಎಳೆದವಳು.

ಆ ಕೊಟ್ಟಿಗೆಯಲ್ಲಿ ನಾವು ಸಗಣಿ ಬಾಚಬಹುದು, ಹಸು ತೊಳೆಯಬಹುದು, ಸತ್ತರೆ ಎಳೆದು ಹಾಕಬಹುದು. ಕೆಚ್ಚಲು ಮಾತ್ರ ಮುಟ್ಟುವ ಹಾಗಿಲ್ಲ. ಹಾಲು ಕರೆಯುವುದು ಗೌಡರ ತಾಯಿ ಚಿಕ್ಕತಾಯಮ್ಮ. ಡೈರಿಗೆ ಕ್ಯಾನು ತುಂಬಿ ಹೋಗುವ ಆ ಮನೆಯಲ್ಲಿ ನಮಗೆ ಹಿತ್ತಲ ಗೋಡೆಯ ಮೇಲೆ ಕವುಚಿಟ್ಟ ಲೋಟ, ಅದರಲ್ಲಿ ಕರೀ ಟೀ.

ಅವತ್ತು ಸಂಜೆ ಹಿತ್ತಲಲ್ಲಿ ನಿಂತು ಕೇಳಿದೆ. “ಅಮ್ಮಾರೆ, ದಿನಾ ಒಂದು ಲೋಟ ಆಲು ಕೊಡಿ. ಕೂಲೀಲಿ ಇಡ್ಕೊಳ್ಳಿ.”

“ಬಾಣಂತಿ ಅಸಿನ ಆಲು ನಾಗ್ರ ಉತ್ತಕ್ಕೆ ಉಯ್ಯೋಗಂಟ ಕೊಟ್ಗೆ ದಾಟ್ಬಾರ್ದು ಕಣೇ” ಎಂದಳು ಆಕೆ.

“ಮಿಕ್ಕಿದ್ ಅಸಿಂದು?”

“ಅದು ಡೈರೀಗೆ. ನಿಮ್ ಕೇರಿ ಕಣ್ಣು ಬಿದ್ರೆ ಅವೂ ಬತ್ತೋಯ್ತವೆ. ನಡಿ, ನಡಿ.”

ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಹಸು ಎದ್ದು ನಿಂತದ್ದೇ ಕಣ್ಣಿಗೆ ಕಟ್ಟಿದ ಹಾಗಿತ್ತು. ಗೌಡರ ಕೈಗೆ ಕೊಟ್ಟ ಬಾಟಲಿಯಲ್ಲೂ ಇರುವುದು ಅದೇ ಅಲ್ಲವೇ? ಅಷ್ಟು ದೊಡ್ಡ ಪ್ರಾಣಿಯನ್ನು ಎಬ್ಬಿಸಿದ್ದು ಇಷ್ಟು ಚಿಕ್ಕ ಕೂಸನ್ನು ಎಬ್ಬಿಸುವುದಿಲ್ಲವೇ? ಮಾರನೆಯ ಬೆಳಿಗ್ಗೆ ಕೊಟ್ಟಿಗೆಯ ಕಸ ಗುಡಿಸುವಾಗ ಆ ಬಾಟಲಿಯಿಂದ ಒಂದು ಮುಚ್ಚಳದಷ್ಟು ಬಗ್ಗಿಸಿ ಮಗಳ ಬಾಯಿಗೆ ಹಾಕಿದೆ. ಸಿಹಿಯಿತ್ತೋ ಏನೋ, ಚಪ್ಪರಿಸಿದಳು. ದಿನಾ ಹಾಕಿದೆ. ಅವಳಿಗೆ ಭೇದಿ ಹಿಡಿಯಿತು. ಹೆದರಿ ಬಿಟ್ಟೆ, ಮತ್ತೆ ಆಸೆಯಾಗಿ ಹಾಕಿದೆ. ದಿನವೂ ಅವಳನ್ನು ನಿಲ್ಲಿಸಿ ಕಾಲು ನೋಡುತ್ತಿದ್ದೆ. ಕಾಲು ಇದ್ದ ಹಾಗೇ ಇದ್ದವು.

ವಾರ ಕಳೆದಿರಬಹುದು. ಸಂಜೆ ಹಾಲು ಕರೆಯುವ ಹೊತ್ತು. ಚಿಕ್ಕತಾಯಮ್ಮ ಚೊಂಬು ಹಿಡಿದು ಬಂದಿದ್ದಳು. ಗೌಡರು ಹಸುವಿನ ದವಡೆ ಎತ್ತಿ ಬಾಯಿಗೆ ಬಾಟಲಿ ಒಡ್ಡಿದರು. ಮೂಲೆಯಲ್ಲಿದ್ದ ಅಮೃತ ಓಲಾಡುತ್ತಾ ಹತ್ತಿರ ಹೋಗಿ, ತಲೆ ಮೇಲೆತ್ತಿ ಬಾಯಿ ತೆರೆದು ನಿಂತಳು. “ನಂಗೂ” ಎಂದಳು.

ಗೌಡರು ಬಾಟಲಿ ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಅಸಿನ್ ಔಸ್ತಿ ಕದ್ದು ಕುಡುಸ್ದೇನೇ ಬೇವರ್ಸಿ?”

“ತಪ್ಪಾಯ್ತು ಗೌಡ್ರೇ, ಮೊಗೀನ್ ಕಾಲು—”

“ಕಾಲಾ? ನಿನ್ ಮಗ್ಳು ಮನ್ಸರ್ ಮೊಗ ಅಲ್ಲ ಬುಡು, ಅಸಿನ್ ಕರ. ಕಟ್ಟಾಕ್ಬುಡ್ತೀನಿ ತಡಿ!” ಗೂಟದಲ್ಲಿದ್ದ ಕರುವಿನ ಹಗ್ಗ ಬಿಚ್ಚಿ ಅಮೃತಳ ಕತ್ತಿಗೆ ಹಾಕಿದರು. “ಅಂಬಾ ಅನ್ನೇ, ಅನ್ನು! ಬೂಸಾ ತಿನ್ನು!” ಬೂಸಾದ ಬಕೆಟ್ಟನ್ನು ಕಾಲಿನಿಂದ ಅವಳ ಮುಂದೆ ತಳ್ಳಿದರು.

ಚಿಕ್ಕತಾಯಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಅಮೃತ ಆಟವೆಂದುಕೊಂಡು ನಗುತ್ತಾ “ಅಂಬಾ” ಎಂದಳು.

ನಾನು ಹಗ್ಗ ಬಿಚ್ಚಲಿಲ್ಲ. ಅದರ ತುದಿ ಹಿಡಿದು, ಮಗಳನ್ನು ಕಂಕುಳಿಗೆತ್ತಿಕೊಂಡು ಹಸುವಿನ ಬಳಿ ಹೋಗಿ, ಅವಳನ್ನು ಕೆಚ್ಚಲ ಪಕ್ಕ ಇಳಿಸಿ ಕುಕ್ಕರಗಾಲಿನಲ್ಲಿ ಕೂತೆ.

“ಕರ ಅಂದ್ರಲ್ಲ ಗೌಡ್ರೇ, ಸರಿ. ಕರೆಯೋಕ್ ಮುಂಚೆ ಕರೀಗೆ ಮೊಲೆ ಬುಡ್ಬೇಕಲ್ವಾ?”

ಕೆಚ್ಚಲಿಗೆ ಕೈ ಹಾಕಿದೆ.

“ಮುಟ್ಬುಟ್ಳು ಕಣ್ಲಾ! ಕೆಚ್ಚಲ್ ಮುಟ್ಬುಟ್ಳು ಲೌಡಿ!” ಚಿಕ್ಕತಾಯಮ್ಮ ಚೊಂಬು ಬಿಟ್ಟು ಎದೆ ಬಡಿದುಕೊಂಡಳು.

ಹುಟ್ಟಿದಾಗಿನಿಂದ ದನದ ಜೊತೆ ಬೆಳೆದಿದ್ದರೂ ಹಾಲು ಕರೆದವಳಲ್ಲ ನಾನು. ಮೊದಲು ಹನಿ ಹನಿಯಾಗಿ ಇಳಿಯಿತು. ಇನ್ನೊಮ್ಮೆ ಹಿಂಡಿದೆ, ಧಾರೆ ಅಮೃತಳ ಮೂಗಿಗೆ ಬಡಿಯಿತು. ಆಮೇಲೆ ಬಾಯಿಗೆ ಬಿತ್ತು. ಅವಳು ಹಸುವಿನ ಕಾಲು ಹಿಡಿದು ನಿಂತು ಗುಟುಕರಿಸತೊಡಗಿದಳು. ಹಸು ಸುಮ್ಮನೆ ಮೆಲುಕು ಹಾಕುತ್ತಿತ್ತು.

“ಕೈ ತೆಗ್ಯೇ! ಮೂಳೆ ಮುರ್ದಾಕ್ಬುಡ್ತೀನಿ!” ಗೌಡರು ದೊಣ್ಣೆ ಎತ್ತಿಕೊಂಡರು.

“ಮುರೀರಿ. ಇವ್ಳು ಕುಡುದ್ ಮೇಲೆ ಮುರೀರಿ.”

ಏಟು ಎಡ ಭುಜದ ಮೇಲೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಎರಡನೆಯ ಏಟಿಗೆ ಎತ್ತಿದ ದೊಣ್ಣೆಯ ತುದಿಯನ್ನು ಮಹದೇವು ಹಿಂದಿನಿಂದ ಹಿಡಿದುಕೊಂಡ. ಬಿಡಲಿಲ್ಲ. ಗೌಡರು ಎಳೆದರು, ಅವನೂ ಎಳೆದ.

ನನ್ನ ಎಡಗೈ ಮೇಲೇಳಲಿಲ್ಲ. ಅಮೃತ ಬಾಯೊರೆಸಿಕೊಂಡು ನನ್ನ ಮುಖ ನೋಡಿದಳು, ಮತ್ತೆ ಬಾಯಿ ತೆರೆದಳು.

ಬಲಗೈಯಲ್ಲಿ ಕರೆದೆ.